ಹಾಡುವ ಪಿಂಗಾಣಿ

ಹಳೆಯ ಗ್ರಾಮಫೋನ್ ತಟ್ಟೆಗಳು ಇಂದಿಗೂ ಅನೇಕ ಮನೆಗಳಲ್ಲಿ ಜೋಪಾನವಾಗಿವೆ. ಅವನ್ನು ನುಡಿಸುವ ಯಂತ್ರವೂ ಒಮ್ಮೊಮ್ಮೆ ಪಕ್ಕದಲ್ಲಿಯೇ ಇರುತ್ತದೆ. ತಿರುಗುಮಣೆ ತಿರುಗುತ್ತದೆ, ವರ್ಧಕದ ದೀಪ ಹತ್ತುತ್ತದೆ, ಹಾಡು ಮಾತ್ರ ಬರುವುದಿಲ್ಲ. ಅನೇಕ ವೇಳೆ ದೋಷವಿರುವುದು ತೋಳಿನ ತುದಿಯಲ್ಲಿರುವ ಪುಟ್ಟ ಕಾರ್ಟ್ರಿಜ್‌ನಲ್ಲಿ. ಕೆಲವೇ ರೂಪಾಯಿಗೆ ದೊರೆಯುವ ಬಜರಿನ ಬಿಲ್ಲೆಯಿಂದ ಅದನ್ನು ನಾವೇ ಸರಿಪಡಿಸಿಕೊಳ್ಳಬಹುದೆ? ಖಂಡಿತವಾಗಿ ಸಾಧ್ಯ. ಆದರೆ ಇಲ್ಲಿ ವಿದ್ಯುತ್ತನ್ನು ಪಡೆಯುವುದು ಸುಲಭ. ತಟ್ಟೆಯನ್ನು ಕೆಡಿಸದೆ ಪಡೆಯುವುದೇ ಕಷ್ಟ.

ಕೆಲವು ಸ್ಫಟಿಕಗಳನ್ನು ಅದುಮಿದರೆ ಅವುಗಳ ಮುಖಗಳ ಮೇಲೆ ವಿದ್ಯುದಂಶ ತಲೆದೋರುವುದೆಂದು 1880ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯೆರ್ ಕ್ಯೂರಿ ಸೋದರರು ತೋರಿಸಿಕೊಟ್ಟರು. ಇದೇ ಪೀಜೋ ವಿದ್ಯುತ್ತು. ಅದುಮುವುದೆಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ರೋಷೆಲ್ ಲವಣದಲ್ಲಿ ಈ ಗುಣ ಬಹಳ ಪ್ರಬಲವಾದುದರಿಂದ ಮೊದಮೊದಲ ಕಾರ್ಟ್ರಿಜ್‌ಗಳಲ್ಲಿ ಅದನ್ನೇ ಬಳಸಿದರು. ಆದರೆ ಎಷ್ಟಾದರೂ ಅದು ಉಪ್ಪು! ನೀರಿನಲ್ಲಿ ಕರಗುತ್ತದೆ, ಸುಮಾರು 55 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಕೆಟ್ಟುಹೋಗುತ್ತದೆ. ನಮ್ಮ ಕರಾವಳಿಯ ಮಳೆಗಾಲಗಳನ್ನು ಅದು ತಾಳಿಕೊಳ್ಳುವುದೆಂದು ನಿರೀಕ್ಷಿಸಲಾಗದು. 1940ರ ದಶಕದಲ್ಲಿ ಬೇರಿಯಂ ಟೈಟನೇಟ್ ಎಂಬ ಪಿಂಗಾಣಿಯೂ, 1950ರ ದಶಕದಲ್ಲಿ ಸೀಸ, ಜಿರ್ಕೋನಿಯಂ, ಟೈಟೇನಿಯಂಗಳ ಆಕ್ಸೈಡುಗಳಿಂದಾದ ಇನ್ನೊಂದು ಪಿಂಗಾಣಿಯೂ ಬಳಕೆಗೆ ಸಿದ್ಧವಾದುವು. ಇವಕ್ಕೆ ತೇವದ ಭಯವಿಲ್ಲ. ಇವುಗಳ ಕಣಗಳು ಸಹಜವಾಗಿ ದಿಕ್ಕುಗೆಟ್ಟು ನಿಂತಿರುತ್ತವೆ. ಪ್ರಬಲ ವಿದ್ಯುತ್‌ಕ್ಷೇತ್ರದಲ್ಲಿಟ್ಟು ಅವುಗಳನ್ನು ಒಂದೇ ದಿಕ್ಕಿಗೆ ಹೊರಳಿಸಿದ ಮೇಲೆಯೇ ಪೀಜೋ ಗುಣ ದೊರೆಯುತ್ತದೆ. ಅತಿಯಾಗಿ ಕಾಯಿಸಿದರೆ ಈ ಶಿಸ್ತು ಮತ್ತೆ ಚದುರುತ್ತದೆ. ಆದುದರಿಂದ ತಂತಿಯನ್ನು ಬೆಸೆಯುವಾಗ ಕಾದ ಕಡ್ಡಿಯನ್ನು ಕ್ಷಣಕಾಲ ಮಾತ್ರ ಮುಟ್ಟಿಸಬೇಕು.

ಆಟಿಕೆ, ಗಡಿಯಾರಗಳೊಳಗೆ ಕೀಂಗುಟ್ಟುವ ಬಿಲ್ಲೆಯೂ ಇದೇ ಜಾತಿಯದು: ಹಿತ್ತಾಳೆಯ ತೆಳುತಗಡಿಗೆ ಅಂಟಿಸಿದ ಪಿಂಗಾಣಿಯ ಪದರ. ತಗಡು ಬಾಗಿದಾಗ ಪಿಂಗಾಣಿ ಹಿಗ್ಗುತ್ತದೆ ಇಲ್ಲವೆ ಕುಗ್ಗುತ್ತದೆ. ಆಗ ವಿದ್ಯುದ್ವಿಭವ ಹುಟ್ಟುತ್ತದೆ.

ಇಡೀ ಬಿಲ್ಲೆಗೇ ಮುಳ್ಳೊಂದನ್ನು ಅಂಟಿಸಿದರೆ ಸದ್ದೇನೋ ಬರುತ್ತದೆ, ಗಟ್ಟಿಯಾಗಿಯೇ ಬರುತ್ತದೆ. ಆದರೆ ಬಿಲ್ಲೆಯನ್ನು ಬಾಗಿಸುವ ಕೆಲಸವನ್ನು ಮಾಡುತ್ತಿರುವವರು ಯಾರು? ತಟ್ಟೆಯ ಗೀರಿನ ಗೋಡೆಗಳು. ಮುಳ್ಳು ಅತ್ತಿತ್ತ ಸರಿಯಬೇಕಾದ ದೂರ ಕೂದಲೆಳೆಯ ದಪ್ಪವನ್ನು ಮೀರುವುದು ಅಪರೂಪ. ಆದರೆ ಅದು ಸೆಕೆಂಡಿಗೆ ಸಾವಿರಾರು ಬಾರಿ ಸರಿಯಬೇಕು. ಬಿಲ್ಲೆ ಬಿಗಿಯಾಗಿದ್ದರೆ ಮುಳ್ಳು ಬಾಗದೆ ಉಳಿಯಂತೆ ಗೋಡೆಯನ್ನು ಕೆತ್ತಿಹಾಕುತ್ತದೆ. ಹೀಗೆ ಕೆತ್ತಿಹೋದ ಹಾಡು ಮರಳಿ ಬಾರದು.

ಆದುದರಿಂದ ಸುಮಾರು 3 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ಉದ್ದದ ಪಟ್ಟಿಯೊಂದನ್ನು ನಯವಾದ ಹಲ್ಲಿನ ಗರಗಸದಿಂದ ಕತ್ತರಿಸಿಕೊಳ್ಳಬೇಕು. ಪಿಂಗಾಣಿ ಸುಲಭವಾಗಿ ಸೀಳುತ್ತದೆ. ಎರಡು ಮೂರು ಬಿಲ್ಲೆಗಳು ಹಾಳಾದರೆ ಬೇಸರ ಬೇಡ. ಪುಡಿಯಲ್ಲಿ ಸೀಸವಿರುವುದರಿಂದ ನೀರು ಹಾಕಿಕೊಂಡೇ ಕತ್ತರಿಸಿ, ಮೂಗು ಬಾಯಿಗಳನ್ನು ಮುಚ್ಚಿಕೊಂಡಿರಬೇಕು. ಪಟ್ಟಿಯ ಒಂದು ತುದಿಯನ್ನು ರಬ್ಬರಿನಲ್ಲಿ ಹಿಡಿಸಿ, ಇನ್ನೊಂದನ್ನು ಮೆತ್ತನೆಯ ರಬ್ಬರ್ ತುಣುಕಿನ ಮೂಲಕ ಮುಳ್ಳಿನ ಕಡ್ಡಿಗೆ ಜೋಡಿಸಬೇಕು. 78 ಸುತ್ತಿನ ತಟ್ಟೆಗಳಲ್ಲಿ ಧ್ವನಿ ಸಾಮಾನ್ಯವಾಗಿ ಪಕ್ಕದ ಚಲನೆಯಲ್ಲಿ ಅಡಗಿರುವುದರಿಂದ ಪಟ್ಟಿಯ ಅಗಲಮುಖ ಪಕ್ಕಕ್ಕೆ ತಿರುಗಿರಬೇಕು. ಸ್ಟೀರಿಯೋ ತಟ್ಟೆಗೆ ಪರಸ್ಪರ ಲಂಬವಾದ ಎರಡು ಪಟ್ಟಿಗಳು ಬೇಕು. ಆ ಸಾಹಸ ಆಮೇಲಿನದು. ಮುಳ್ಳನ್ನು ಮಾತ್ರ ಸಿದ್ಧವಾದುದನ್ನೇ ಕೊಳ್ಳುವುದು ಲೇಸು. 78 ಸುತ್ತಿನದಕ್ಕೆ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್, ಲಾಂಗ್ ಪ್ಲೇ ತಟ್ಟೆಗೆ ಸುಮಾರು 25.

ಅಂದ ಹಾಗೆ, ಹಳೆಯ ಕಾರ್ಟ್ರಿಜ್ ಪಿಂಗಾಣಿಯದೇ ಆಗಿದ್ದರೆ ಅದನ್ನು ಎಸೆಯುವ ಮುನ್ನ ಒಳಗಿನ ರಬ್ಬರನ್ನು ನೋಡಬೇಕು. ಪಿಂಗಾಣಿ ಚೆನ್ನಾಗಿದ್ದು ರಬ್ಬರು ಕಲ್ಲಾಗಿರುವುದುಂಟು. ಆಗ ಹೊಸ ಪಟ್ಟಿಯ ಗೊಡವೆಯೇ ಬೇಡ.

ಇನ್ನು ವರ್ಧಕದ ಮಾತು. ಪಟ್ಟಿಯು ವಿದ್ಯುತ್ತಿನ ದೃಷ್ಟಿಯಿಂದ ಒಂದು ಧಾರಕ. ನಮ್ಮ ಅಳತೆಯ ಪಟ್ಟಿಯ ಧಾರಕತೆ ಸುಮಾರು 2,000 ಪಿಕೋಫ್ಯಾರಡ್. ಅದನ್ನು ಅಯಸ್ಕಾಂತ ಕಾರ್ಟ್ರಿಜ್‌ಗಾಗಿ ಇರುವ 47,000 ಓಮ್ ರೋಧದ ದ್ವಾರಕ್ಕೆ ಸೇರಿಸಿದರೆ ಸುಮಾರು 1,700 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳೆಲ್ಲ ಕ್ಷೀಣಿಸಿ, ಮೃದಂಗ ಮಾಯವಾಗಿ, ಗಾಯನ ತಗಡಿನಂತೆ ಕೇಳಿಸುತ್ತದೆ. 20 ಲಕ್ಷ ಓಮ್ ರೋಧವಾದರೆ ಈ ಮಿತಿ 40 ಹರ್ಟ್ಸ್‌ಗೆ ಇಳಿದು ಮಂದ್ರಸ್ವರಗಳು ಮರಳುತ್ತವೆ. ಹಳೆಯ ಯಂತ್ರದ ವರ್ಧಕಕ್ಕೆ ಇಂಥ ಹೆಚ್ಚಿನ ರೋಧ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಮೊದಲ ಪರೀಕ್ಷೆಗೆ ಯಾರೂ ಕೇಳದ ತಟ್ಟೆಯೊಂದನ್ನು ಆರಿಸಿಕೊಳ್ಳೋಣ. ತೋಳಿನ ಭಾರವನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ 5–6 ಗ್ರಾಂಗೆ ತಂದು, ಒಂದೇ ಭಾಗವನ್ನು ಇಪ್ಪತ್ತು ಸಲ ನುಡಿಸೋಣ. ಕೊನೆಯ ಸಲ ಮೊದಲಿಗಿಂತ ಹೆಚ್ಚು ಗೊರಗೊರ ಕೇಳಿಸಿದರೆ ರಬ್ಬರನ್ನು ಇನ್ನೂ ಮೆತ್ತಗಾಗಿಸಬೇಕು, ಇಲ್ಲವೆ ಪಟ್ಟಿಯನ್ನು ಇನ್ನೂ ಕಿರಿದಾಗಿ ಕತ್ತರಿಸಬೇಕು. ಒಳ್ಳೆಯ ತಟ್ಟೆಗಳು ಅಲ್ಲಿಯವರೆಗೆ ತಮ್ಮ ಹೊದಿಕೆಗಳಲ್ಲಿಯೇ ಇರಲಿ.