ಬೆಳಕು ತೆರುವ ಸುಂಕ

ರೇಡಿಯೋ ಅಲೆಗಳನ್ನು ಮೊದಲು ಹಿಡಿದು ತೋರಿಸಿದ ಹೈನ್‌ರಿಖ್ ಹರ್ಟ್ಸ್‌ನ ಹೆಸರು ವಾಚಕರಿಗೆ ಹೊಸದಲ್ಲ. ಕಿಲೋಹರ್ಟ್ಸ್ ಎಂಬ ಮಾತಿನಲ್ಲಿರುವುದು ಅವನ ಹೆಸರೇ. ಆ ಶೋಧದ ನಡುವೆ, 1887ರಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆ ಊರಿನಲ್ಲಿ ಅವನಿಗೆ ಇನ್ನೊಂದು ಸೋಜಿಗ ಎದುರಾಯಿತು. ಅಲೆಯನ್ನು ಹಿಡಿಯುವ ತಂತಿಬಳೆಯ ತುದಿಗಳ ನಡುವೆ ಹಾರುವ ಕಿಡಿ ಬಲು ಸಣ್ಣದು. ಚೆನ್ನಾಗಿ ಕಾಣಲೆಂದು ಅದನ್ನು ಕತ್ತಲೆ ಪೆಟ್ಟಿಗೆಯಲ್ಲಿಟ್ಟರೆ ಇನ್ನೂ ಗಿಡ್ಡವಾಯಿತು! ಅಲೆಯನ್ನು ಕಳುಹಿಸುವ ದೊಡ್ಡ ಕಿಡಿಯ ಬೆಳಕು ಬಿದ್ದಾಗ ಮಾತ್ರ ಅದು ಉದ್ದಕ್ಕೆ ಹಾರುತ್ತಿತ್ತು. ನಡುವೆ ಗಾಜು ಹಿಡಿದರೆ ಈ ಪ್ರಭಾವ ನಿಂತಿತು. ಸ್ಫಟಿಕಶಿಲೆ ಹಿಡಿದರೆ ನಿಲ್ಲಲಿಲ್ಲ. ಗಾಜು ತಡೆದು ಸ್ಫಟಿಕ ಬಿಡುವುದು ಕಣ್ಣಿಗೆ ಕಾಣದ ಅತಿನೇರಿಳೆ ಕಿರಣವನ್ನು. ಕೆಲಸ ಅದರದೇ ಎಂದಾಯಿತು.

ಮರುವರ್ಷ ಹಾಲ್‌ವಾಕ್ಸ್ ಎಂಬ ವಿಜ್ಞಾನಿ, ಈ ಕಿರಣ ಬಿದ್ದ ಸತುವಿನ ತಗಡಿನಿಂದ ಋಣವಿದ್ಯುತ್ತು ಸೋರಿಹೋಗುವುದನ್ನು ಕಂಡ. ಹೀಗೆ ಹೊರಬೀಳುವವು ಎಲೆಕ್ಟ್ರಾನುಗಳೆಂದು 1899ರಲ್ಲಿ ಜೆ. ಜೆ. ಥಾಮ್ಸನ್ ತೋರಿಸಿದ.

ತೊಡಕು ಬಂದದ್ದು ಆಮೇಲೆ. 1902ರಲ್ಲಿ ಲೆನಾರ್ಡ್ ನೋಡಿದಾಗ, ದೀಪವನ್ನು ಎಷ್ಟು ಪ್ರಖರ ಮಾಡಿದರೂ ಹೊರಬರುವ ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚಿತೇ ಹೊರತು ಅವುಗಳ ವೇಗ ಹೆಚ್ಚಲಿಲ್ಲ. ಬೆಳಕು ಬರಿಯ ಅಲೆಯಾಗಿದ್ದರೆ ದೊಡ್ಡ ಅಲೆ ಜೋರಾಗಿ ಒದೆಯಬೇಡವೆ?

1905ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯ ನೌಕರ ಐನ್‌ಸ್ಟೈನ್ ಉತ್ತರ ಕೊಟ್ಟ: ಬೆಳಕಿನ ಶಕ್ತಿ ಬಿಡಿಬಿಡಿ ನಾಣ್ಯಗಳಾಗಿ ಬರುತ್ತದೆ, ನಾಣ್ಯದ ಬೆಲೆ ಬೆಳಕಿನ ಬಣ್ಣದ ಮೇಲೆ ನಿಂತಿದೆ. ಲೋಹದ ಹೊರಬಾಗಿಲಲ್ಲಿ ಒಂದು ಸುಂಕದ ಕಟ್ಟೆಯಿದೆಯೆನ್ನಿ. ಒಂದು ಎಲೆಕ್ಟ್ರಾನಿಗೆ ಸಿಕ್ಕುವುದು ಒಂದೇ ನಾಣ್ಯ. ಅದು ಸುಂಕಕ್ಕೆ ಸಾಲದಿದ್ದರೆ, ಅಂಥ ಕೋಟಿ ನಾಣ್ಯ ಸುರಿದರೂ ಬಿಡುಗಡೆಯಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು? ಹೆಚ್ಚಿದ್ದರೆ, ಉಳಿದ ಚಿಲ್ಲರೆಯೇ ಎಲೆಕ್ಟ್ರಾನಿನ ವೇಗ. ಸತುವಿನ ಸುಂಕ ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್. ಕೆಂಪು ಬೆಳಕಿನ ನಾಣ್ಯ 2ನ್ನೂ ಮುಟ್ಟದು. ಆದ್ದರಿಂದಲೇ ಅಲ್ಲಿ ಅತಿನೇರಿಳೆ ಬೇಕಾಯಿತು. ಸೀಸಿಯಂ ಲೋಹದ ಸುಂಕ ಸುಮಾರು 2.1, ಅದಕ್ಕೆ ಹಸಿರು ಬೆಳಕೇ ಸಾಕು. ಟಾಕಿ ಚಿತ್ರಗಳ ಕಾಲದಲ್ಲಿ, ಫಿಲ್ಮಿನ ಅಂಚಿನ ಧ್ವನಿಪಟ್ಟಿಯನ್ನು ಹಾದುಬಂದ ಬೆಳಕನ್ನು ವಿದ್ಯುತ್ತಾಗಿಸಿ ಮಾತು ಕೇಳಿಸಿದ್ದು ಸೀಸಿಯಂ ಲೇಪದ ಬಲ್ಬು.

ಈ ನಾಣ್ಯದ ಲೆಕ್ಕವನ್ನು ಬಹುಮಂದಿ ನಂಬಲಿಲ್ಲ. ಅಮೆರಿಕದ ಮಿಲಿಕನ್‌ಗಂತೂ ಅದು ದುಡುಕಿನ ಮಾತೆನಿಸಿತು. ವರ್ಷಗಟ್ಟಲೆ ದುಡಿದು, ನಿರ್ವಾತ ಪಾತ್ರೆಯೊಳಗೇ ಲೋಹದ ಮೈ ಹೆರೆದು ಅಳೆದ. 1916ರಲ್ಲಿ ಅವನು ಪ್ರಕಟಿಸಿದ ಅಂಕಿಗಳು ಐನ್‌ಸ್ಟೈನನ ಸಮೀಕರಣಕ್ಕೆ ಸರಿಯಾಗಿ ಹೊಂದಿದವು. ಐನ್‌ಸ್ಟೈನನಿಗೆ ಸಂದ 1921ನೆಯ ವರ್ಷದ ನೊಬೆಲ್ ಬಹುಮಾನದಲ್ಲಿ ಹೆಸರಿಸಿದ್ದು ಸಾಪೇಕ್ಷವಾದವನ್ನಲ್ಲ, ಈ ನಿಯಮವನ್ನು.