ಹುರುಪು ನೆನಪಿದೆ, ಸಾಲ ನೆನಪಿಲ್ಲ

ಖಿನ್ನತೆಯೆಂದು ಬಂದವರನ್ನು ಮನೋವೈದ್ಯರು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಾರೆ: ‘ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡ ಅನ್ನುವಷ್ಟು ಹುರುಪು ನಾಲ್ಕಾರು ದಿನ ಇತ್ತಾ?’ ಎಷ್ಟೋ ಸಲ ಅಂಥದ್ದೇನೂ ಇರಲಿಲ್ಲ ಎಂಬ ಉತ್ತರ ಬರುತ್ತದೆ. ಜೊತೆಗೆ ಬಂದ ಅಣ್ಣನೋ ಹೆಂಡತಿಯೋ ಬಾಯಿ ತೆರೆದರೆ ಕಥೆಯೇ ಬೇರೆ. ರಾತ್ರಿಯಿಡೀ ಫೋನು, ಅಡಿಕೆ ಮಂಡಿಯಲ್ಲಿ ಸಾಲ, ಕೇಳಿದವರಿಗೆಲ್ಲ ದುಡ್ಡು! ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಬೇಕೆಂದಿಲ್ಲ.

ಬೈಪೋಲಾರ್ ಕಾಯಿಲೆಯ ಒಂದು ತೊಡಕು ಇದು. ಕೆಲವು ಕಾಲ ಖಿನ್ನತೆ, ಕೆಲವು ಕಾಲ ಮಿತಿಮೀರಿದ ಹುರುಪಿನ ಉನ್ಮಾದ, ನಡುವೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಲ್ಲರಂಥದೇ ಬದುಕು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 0.5ರಷ್ಟು ಜನ, ಅಂದರೆ ಇನ್ನೂರರಲ್ಲಿ ಒಬ್ಬರು, ಬದುಕಿನಲ್ಲಿ ಎಂದಾದರೂ ಇದಕ್ಕೆ ಒಳಗಾದವರು. ಅವರಲ್ಲಿ ಶೇ. 70ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಉನ್ಮಾದದ ದಿನಗಳು ಎಲ್ಲರಿಗೂ ಮರೆತುಹೋಗುವುದಿಲ್ಲ. ಕೆಲವರು ಪ್ರತಿ ಘಟನೆಯನ್ನೂ ಹೇಳಬಲ್ಲರು. ಕೆಲವರಿಗೆ ಉಳಿಯುವುದು ಬಿಡಿಬಿಡಿ ತುಣುಕು. ಭ್ರಮೆಗಳೂ ಸೇರಿಕೊಂಡ ತೀವ್ರ ಸ್ಥಿತಿಯಲ್ಲಾದರೆ ಇಡೀ ದಿನಗಳೇ ಕಾಣೆಯಾಗಬಹುದು. ಕಾರಣಗಳು ಹಲವು. ಗಮನ ಒಂದು ಕಡೆ ನಿಲ್ಲದಾಗ ನಡೆದದ್ದು ಸರಿಯಾಗಿ ದಾಖಲಾಗುವುದೇ ಇಲ್ಲ. ದಾಖಲಾದದ್ದು ಗಟ್ಟಿಯಾಗಲು ನಿದ್ದೆ ಬೇಕು. ಉನ್ಮಾದದಲ್ಲಿ ಮೊದಲು ಹೋಗುವುದೇ ನಿದ್ದೆ. ಆಸ್ಪತ್ರೆಗೆ ಸೇರಿದಾಗ ಶಾಂತಗೊಳಿಸಲು ಕೊಡುವ ಲೊರಾಜಪಾಮ್‌ನಂಥ ಔಷಧಿಯಿಂದಲೂ ಆ ದಿನಗಳ ನೆನಪು ಮಸುಕಾಗಬಹುದು.

ಇದ್ದ ನೆನಪೂ ಕರೆದಾಗಲೆಲ್ಲ ಬರುವುದಿಲ್ಲ. 1977ರಲ್ಲಿ ಅಮೆರಿಕದ ಹರ್ಬರ್ಟ್ ವೈನ್‌ಗಾರ್ಟ್ನರ್ ಮತ್ತು ಸಂಗಡಿಗರು ಮನಸ್ಸಿನ ಏರಿಳಿತವಿದ್ದ ರೋಗಿಗಳಿಂದ ಒಂದೊಂದು ಪದಕ್ಕೂ ಹೊಳೆದ ಬೇರೆ ಪದಗಳನ್ನು ಹೇಳಿಸಿ, ಕೆಲವು ದಿನ ಬಿಟ್ಟು ಅವನ್ನೇ ನೆನಪಿಸಿಕೊಳ್ಳಲು ಕೇಳಿದರು. ಮನಸ್ಥಿತಿ ಮೊದಲಿನಂತೆಯೇ ಇದ್ದಾಗ ಹೆಚ್ಚು ಪದಗಳು ಮರಳಿದವು, ಬದಲಾಗಿದ್ದರೆ ಕಡಿಮೆ. ಖಿನ್ನತೆಯಲ್ಲಿ ಕುಸಿದು ಕೂತವರಿಗೆ ತಾವೊಮ್ಮೆ ಊರೆಲ್ಲ ಸುತ್ತಿದ್ದು ಹೊಳೆಯದಿರುವುದರಲ್ಲಿ ಆಶ್ಚರ್ಯವಿಲ್ಲ. ಸೌಮ್ಯ ಉನ್ಮಾದವನ್ನಂತೂ ಹಲವರು ‘ಆಗ ಚೆನ್ನಾಗಿದ್ದೆ’ ಎಂದೇ ನೆನೆಯುತ್ತಾರೆ. ಅದು ವೈದ್ಯರಿಗೆ ಗೊತ್ತಾಗದೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರಲ್ಲಿ ಉನ್ಮಾದ ಕೆರಳುವ ಅಪಾಯವಿದೆ.

ನೆನಪಿರುವುದೂ ಅಪಾಯವಾಗಬಲ್ಲದು. ಮನಶ್ಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜೇಮಿಸನ್ ತಮಗೇ ಈ ಕಾಯಿಲೆಯಿದೆಯೆಂದು 1995ರ ಆತ್ಮಕಥೆಯಲ್ಲಿ ಬಹಿರಂಗವಾಗಿ ಬರೆದರು. ಉನ್ಮಾದದಲ್ಲಿ ಅವರು ಹಾವು ಕಡಿತದ ಚಿಕಿತ್ಸೆಯ ಕಿಟ್‌ಗಳನ್ನೂ ರಾಶಿ ಕೊಂಡಿದ್ದರು. ಬಿಲ್ಲುಗಳ ಗೋಜಲು ಬಿಡಿಸಲು ಅಣ್ಣ ಬರಬೇಕಾಯಿತು. ಆದರೂ ಆ ದಿನಗಳ ಸುಖ ಅವರನ್ನು ಬಿಡಲಿಲ್ಲ. ಅದರ ಹಂಬಲವೂ ಸೇರಿ ಅವರು ಮತ್ತೆ ಮತ್ತೆ ಲಿಥಿಯಂ ಔಷಧಿ ನಿಲ್ಲಿಸಿದರು, ಮತ್ತೆ ಮತ್ತೆ ಕಾಯಿಲೆ ಬಿದ್ದರು.

ಆದ್ದರಿಂದ ಈ ಕಾಯಿಲೆಯ ಚರಿತ್ರೆಗೆ ಎರಡು ಬಾಯಿ ಬೇಕು. ಒಳಗಿನ ಭಾವ ಗೊತ್ತಿರುವುದು ಅನುಭವಿಸಿದವರಿಗೆ. ಖರ್ಚು, ಜಗಳ, ತಾರೀಖು ಗೊತ್ತಿರುವುದು ಮನೆಯವರಿಗೆ. ಮರ್ಯಾದೆಗೆ ಅಂಜಿ ಮನೆಯವರು ಬಾಯಿ ಬಿಡದಿದ್ದರೆ ಆ ಅರ್ಧ ಯಾರಿಗೂ ಸಿಗುವುದಿಲ್ಲ. ಈ ಅಂಜಿಕೆಯ ವಿರುದ್ಧ ಶಿವಮೊಗ್ಗದಲ್ಲಿ ದಶಕಗಳ ಕಾಲ ದುಡಿದವರು ‘ಮಾನಸ’ ಸಂಸ್ಥೆಯ ಡಾ. ಅಶೋಕ್ ಪೈ. 2016ರಲ್ಲಿ ತೀರಿಕೊಂಡ ಅವರು ಮನೋರೋಗದ ವಿಷಯವನ್ನು ಲೇಖನ, ಭಾಷಣಗಳ ಜೊತೆಗೆ ಸಿನಿಮಾಕ್ಕೂ ತಂದರು; ಸುರೇಶ್ ಹೆಬ್ಳೀಕರ್ ನಿರ್ದೇಶಿಸಿದ ‘ಕಾಡಿನ ಬೆಂಕಿ’ಯ ಕಥೆ ಅವರದೇ.

ಭದ್ರಾವತಿಯಂಥ ಊರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದಾಗಿನಿಂದ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯೂ ಸೇರಿ, ಪಾಳಿಗೆ ತಕ್ಕಂತೆ ನಿದ್ದೆ ಬದಲಿಸುವುದು ಇಲ್ಲಿ ತಲೆಮಾರುಗಳ ಕಾಲ ರೂಢಿಯಾಗಿತ್ತು. ನಿದ್ದೆಗೇಡು ಉನ್ಮಾದದ ಮುನ್ಸೂಚನೆಯೂ ಹೌದು, ಕಾರಣವೂ ಆಗಬಲ್ಲದು. ಆದರೆ ನೈಟ್ ಶಿಫ್ಟ್ ಮುಗಿಸಿ ಬಂದವರು ಹಗಲೂ ಮಲಗಲಿಲ್ಲವೆಂದು ಯಾರು ಲೆಕ್ಕವಿಟ್ಟಾರು?

ಲೆಕ್ಕವಿಟ್ಟರೆ ಪ್ರಯೋಜನವುಂಟು. 1999ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 69 ರೋಗಿಗಳ ಪೈಕಿ ಒಂದು ಗುಂಪಿಗೆ ತಮ್ಮ ಮುನ್ಸೂಚನೆಗಳನ್ನು ಗುರುತಿಸಿ ಬೇಗ ವೈದ್ಯರನ್ನು ಕಾಣಲು ಕಲಿಸಲಾಯಿತು. ಮಾಮೂಲಿ ಚಿಕಿತ್ಸೆಯಷ್ಟೇ ಪಡೆದ ಗುಂಪಿನ ಕಾಲು ಭಾಗ ಜನರಿಗೆ 17 ವಾರಗಳೊಳಗೆ ಉನ್ಮಾದ ಮರುಕಳಿಸಿತು. ಕಲಿತವರಲ್ಲಿ ಅಷ್ಟು ಜನರಿಗೆ ಮರುಕಳಿಸಲು 65 ವಾರ ಹಿಡಿಯಿತು. ಖಿನ್ನತೆಯ ಮರುಕಳಿಕೆಯಲ್ಲಿ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ.

ಮಲಗಿದ ಗಂಟೆ, ಮಾತ್ರೆ, ಖರ್ಚು, ಮನಸ್ಸಿನ ಏರಿಳಿತ ಇಷ್ಟನ್ನು ದಿನಾ ಬರೆದಿಡಲು ಒಂದು ನೋಟ್‌ಬುಕ್ ಸಾಕು. ಕಾಯಿಲೆ ಕೆರಳಿದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ತೀರ್ಮಾನಿಸಬೇಕು ಎಂದು ಸ್ವಸ್ಥವಾಗಿದ್ದಾಗಲೇ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗವಿದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಊರಿನಿಂದಲೂ ಉಚಿತವಾಗಿ ಕರೆ ಮಾಡಬಹುದು. ಮೊದಲ ಸಲ ವೈದ್ಯರಲ್ಲಿಗೆ ಹೋಗುವಾಗ ಹಳೆಯ ಚೀಟಿಗಳ ಜೊತೆಗೆ, ಕಾಯಿಲೆ ಕೆರಳಿದ ದಿನಗಳಲ್ಲಿ ಮನೆಯಲ್ಲೇ ಇದ್ದ ಒಬ್ಬರನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು.