ಜ್ವರ ಇಳಿದ ದಿನವೂ ನಾಡಿ ನೋಡಿ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದಂತೆ ಕಂಡರೆ ಹಣೆಯ ಮೇಲೆ ಅಂಗೈ ಇಟ್ಟು ನೋಡುವುದು ನಮ್ಮಲ್ಲಿ ರೂಢಿ. ಮೈ ಬಿಸಿಯಿದೆಯೋ ಇಲ್ಲವೋ ಎನ್ನಲು ಅದು ಸಾಕಾಗಬಹುದು. ರೋಗಿ ಸುಧಾರಿಸುತ್ತಿದ್ದಾರೆಯೇ ಅಥವಾ ಸ್ಥಿತಿ ಕೆಡುತ್ತಿದೆಯೇ ಎಂದು ತಿಳಿಯಲು ಅದು ಏನೇನೂ ಸಾಲದು. ಇದಕ್ಕಾಗಿ ವೈದ್ಯರು ಶರೀರದ ಉಷ್ಣತೆ, ನಾಡಿ ಬಡಿತ, ಉಸಿರಾಟದ ವೇಗ ಹಾಗೂ ರಕ್ತದ ಒತ್ತಡ ಈ ನಾಲ್ಕನ್ನೂ ಒಟ್ಟಿಗೆ ನೋಡುತ್ತಾರೆ. ಇವುಗಳಲ್ಲಿ ಮೊದಲ ಮೂರನ್ನು ನೋಡಲು ಒಂದು ಥರ್ಮಾಮೀಟರು ಮತ್ತು ಸೆಕೆಂಡು ಮುಳ್ಳಿರುವ ಗಡಿಯಾರ ಇದ್ದರಾಯಿತು.

ಕೆಂಗೇರಿಯಂಥ ಕಡೆ ಮಳೆಗಾಲ ಬಂತೆಂದರೆ ಇದು ಪ್ರತಿ ಮನೆಯವರೂ ತಿಳಿದಿರಬೇಕಾದ ವಿಷಯ. ವೃಷಭಾವತಿಯ ಕೊಳಚೆ ನೀರಿನಿಂದಲೇ ಡೆಂಗಿ ಬರುತ್ತದೆಂದು ಹಲವರು ನಂಬಿದ್ದಾರೆ. ಕೊಳಚೆಯಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯೇ ಬೇರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ತಾರಸಿಯ ಮೇಲಿನ ಡ್ರಮ್ಮು, ಮುಚ್ಚಳ ಸರಿಯಿಲ್ಲದ ಸಂಪು, ಹೂಕುಂಡದ ತಟ್ಟೆಗಳಲ್ಲಿ ನಿಂತ ತಿಳಿನೀರಿನಲ್ಲಿ. 2024ರಲ್ಲಿ ಈ ಕಾಯಿಲೆ ಎಷ್ಟು ಹೆಚ್ಚಿತೆಂದರೆ, ಆ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು.

ಡೆಂಗಿಯ ವಿಚಿತ್ರವೆಂದರೆ ಅದರ ಅಪಾಯದ ಕಾಲ ಸಾಮಾನ್ಯವಾಗಿ ಜ್ವರ ಇಳಿದಾಗಲೇ ಆರಂಭವಾಗುತ್ತದೆ. ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಮೈ ತಣ್ಣಗಾಗುತ್ತದೆ. ಮನೆಯವರು ಸದ್ಯ, ಜ್ವರ ಬಿಟ್ಟಿತೆಂದು ನಿಟ್ಟುಸಿರು ಬಿಡುತ್ತಾರೆ. ಕೆಲವರಲ್ಲಿ ಅದೇ ಹೊತ್ತಿಗೆ ರಕ್ತನಾಳಗಳಿಂದ ನೀರಿನಂಶ ಸೋರಲು ತೊಡಗಿರುತ್ತದೆ. ಥರ್ಮಾಮೀಟರು ಇದನ್ನು ತಿಳಿಸಲಾರದು, ನಾಡಿ ತಿಳಿಸುತ್ತದೆ.

ನಾಡಿ ನೋಡುವುದು ಕಷ್ಟವೇನಲ್ಲ. ರೋಗಿಯ ಅಂಗೈ ಮೇಲ್ಮುಖವಾಗಿರಲಿ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ನಿಮ್ಮ ಎರಡು ಅಥವಾ ಮೂರು ಬೆರಳುಗಳನ್ನು ಹಗುರವಾಗಿ ಒತ್ತಿ. ನಿಮ್ಮ ಹೆಬ್ಬೆರಳನ್ನು ಬಳಸಬೇಡಿ, ಅದರಲ್ಲಿ ನಿಮ್ಮದೇ ನಾಡಿ ಮಿಡಿದು ಲೆಕ್ಕ ತಪ್ಪಿಸೀತು. ಪೂರ್ತಿ ಒಂದು ನಿಮಿಷ ಎಣಿಸಿ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ 60ರಿಂದ 100 ಸಹಜ, ಮಕ್ಕಳಲ್ಲಿ ಇದಕ್ಕಿಂತ ಹೆಚ್ಚು. ಜ್ವರ ಏರಿದಾಗ ನಾಡಿಯೂ ಏರುತ್ತದೆ, ಇಳಿದಾಗ ಇಳಿಯಬೇಕು. ಮೈ ತಣ್ಣಗಾಗಿಯೂ ನಾಡಿ ವೇಗವಾಗಿ, ಕ್ಷೀಣವಾಗಿ ಓಡುತ್ತಿದ್ದರೆ, ಕೈಕಾಲು ತಣ್ಣಗೆ ಬೆವರುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ತಡೆಯಲಾರದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಆರು ಗಂಟೆ ಕಳೆದರೂ ಮೂತ್ರವಾಗದಿರುವುದು ಇವೂ ಅಷ್ಟೇ ಗಂಭೀರ. ಪ್ಲೇಟ್‌ಲೆಟ್ ಎಷ್ಟಿದೆ ಎಂದು ಎರಡು ಹೊತ್ತೂ ಕೇಳುವವರು, ಪಪ್ಪಾಯಿ ಎಲೆಗಾಗಿ ಬೀದಿ ಸುತ್ತುವವರು ರೋಗಿಯ ಮೂತ್ರದ ಲೆಕ್ಕ ಇಡುವುದೇ ಇಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಆ ಲೆಕ್ಕವೇ ಹೆಚ್ಚು ಉಪಯೋಗದ್ದು.

ಉಷ್ಣತೆಯ ವಿಷಯ ಬಹುಪಾಲು ಎಲ್ಲರಿಗೂ ಗೊತ್ತಿದೆ. ಕಾಫಿ ಕುಡಿದೊಡನೆ ಬಾಯಲ್ಲಿ ಥರ್ಮಾಮೀಟರು ಇಡಬಾರದು, ಕಾಲು ಗಂಟೆ ಬಿಡಿ. ಕಂಕುಳಲ್ಲಿಟ್ಟರೆ ಬಾಯಿಗಿಂತ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ. 100.4 ದಾಟಿದರೆ ಜ್ವರವೆನ್ನಿ. ಡೆಂಗಿಯ ಅನುಮಾನವಿದ್ದಾಗ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆ ಬೇಡ, ರಕ್ತಸ್ರಾವಕ್ಕೆ ದಾರಿಯಾದೀತು.

ಎಲ್ಲರೂ ಮರೆಯುವುದು ಉಸಿರನ್ನು. ನ್ಯುಮೋನಿಯಾದಲ್ಲಿ ಮೊದಲು ಕೆಡುವುದು ಅದೇ. ಎಣಿಸುವುದು ರೋಗಿಗೆ ತಿಳಿಯಬಾರದು, ತಿಳಿದರೆ ಉಸಿರಿನ ಲಯ ಬದಲಾಗುತ್ತದೆ. ನಾಡಿ ನೋಡುವವರಂತೆ ಕೈ ಹಿಡಿದೇ ಎದೆಯ ಏರಿಳಿತ ಗಮನಿಸಿ. ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ, 30 ಮುಟ್ಟಿದರೆ ತುರ್ತು. ಮಗು ಅಳದೆ, ಹಾಲು ಕುಡಿಯದೆ ಇರುವಾಗ ಪೂರ್ತಿ ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಅದು ವೇಗದ ಉಸಿರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ಎಣಿಸುತ್ತಾ ಕೂರಬೇಡಿ. ಅಜ್ಜ ಅಜ್ಜಿಯರಿಗೆ ನ್ಯುಮೋನಿಯಾ ಬಂದರೂ ಮೈ ಬಿಸಿಯಾಗದೆ ಇರಬಹುದು. ಸುಮ್ಮನೆ ಮಂಕಾಗಿ, ಊಟ ಬೇಡವೆಂದು ಮಲಗಿರುತ್ತಾರೆ. ಅವರ ಉಸಿರು ಎಣಿಸಿ ನೋಡಿ.

ರಕ್ತದ ಒತ್ತಡ ನೋಡುವ ಬ್ಯಾಟರಿ ಯಂತ್ರ ಈಗ ಹಲವು ಮನೆಗಳಲ್ಲಿದೆ, ಸರಿಯಾಗಿ ಬಳಸುವವರು ಕಡಿಮೆ. ಮಹಡಿ ಹತ್ತಿ ಬಂದವರಿಗೆ ಕೂಡಲೇ ಪಟ್ಟಿ ಕಟ್ಟಿದರೆ ಅಂಕಿ ಏರಿಯೇ ಇರುತ್ತದೆ. ಮೂತ್ರ ಮಾಡಿಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ತೋಳು ಎದೆಯ ಮಟ್ಟದಲ್ಲಿರಲಿ, ಪಟ್ಟಿ ಬರಿಯ ತೋಳಿಗೆ ಕಟ್ಟಿ, ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. 120/80ಕ್ಕಿಂತ ಕಡಿಮೆಯಿದ್ದರೆ ಒಳ್ಳೆಯದು, ಮತ್ತೆ ಮತ್ತೆ 140/90 ದಾಟಿದರೆ ವೈದ್ಯರನ್ನು ಕಾಣಬೇಕು. ಡೆಂಗಿಯಲ್ಲಿ ಮಾತ್ರ ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ಇರುವ ಅಂತರ ನೋಡಿ. 100/80 ಎಂದರೆ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಅಂತರ 20ಕ್ಕೆ ಇಳಿದಿರುವುದರಿಂದ ಅದು ಅಪಾಯದ ಸೂಚನೆ.

ಕೊರೋನಾ ಕಾಲದಲ್ಲಿ ಕೊಂಡ ಆಕ್ಸಿಮೀಟರು ಮನೆಯಲ್ಲಿದ್ದರೆ ಅದನ್ನೂ ಹಚ್ಚಿ. ಉಗುರುಬಣ್ಣ ಅಥವಾ ಬೆರಳ ತುದಿಯ ಮೆಹಂದಿ ಇದ್ದರೆ ಅಂಕಿಯನ್ನು ನಂಬಲಾಗದು. 94ಕ್ಕೆ ಇಳಿದರೆ ವೈದ್ಯರಿಗೆ ತಿಳಿಸಿ.

ಅಳೆದದ್ದನ್ನೆಲ್ಲ ಹಳೆಯ ನೋಟ್‌ಬುಕ್ಕಿನಲ್ಲಿ ಗಂಟೆ ಸಹಿತ ಬರೆದಿಡಿ. ಒಂದೇ ಸಲದ ಅಂಕಿಗಿಂತ ನಾಲ್ಕು ಸಲದ್ದನ್ನು ಒಟ್ಟಿಗೆ ಕಂಡಾಗ ವೈದ್ಯರಿಗೆ ಹೆಚ್ಚು ತಿಳಿಯುತ್ತದೆ. ರಾತ್ರಿ ಹೊತ್ತು 108ಕ್ಕೆ ಕರೆ ಮಾಡುವಾಗ ಈ ಪುಟ ಎದುರಿಗಿರಲಿ. ನೀವಿರುವುದು ಕೆಂಗೇರಿ ಉಪನಗರದಲ್ಲೋ ಹಳೆಯ ಕೆಂಗೇರಿಯಲ್ಲೋ ಎಂಬುದನ್ನು ಮೊದಲು ಹೇಳಿ, ಬಳಿಕ ಅಡ್ಡರಸ್ತೆ, ಹತ್ತಿರದ ಗುರುತು ಹೇಳಿ, ಒಬ್ಬರು ಮುಖ್ಯರಸ್ತೆಗೆ ಬಂದು ನಿಲ್ಲಲಿ.